ದಾಳ ಉರುಳಿಸುವ ಮೊದಲು ಲೆಕ್ಕ: ದೊಡ್ಡ ಯುದ್ಧದ ಬೋರ್ಡ್ ಆಟಗಳಲ್ಲಿ ಕದನ ಗೆಲ್ಲುವುದು ಹೇಗೆ

"ಎಂಟು ಪಡೆ ಇಟ್ಟುಕೊಂಡು ಐದರ ಮೇಲೆ ಹೋದೆ. ಆದರೂ ಸೋತೆ. ಎಲ್ಲಾ ದಾಳದ ಮೇಲೇ ನಿಂತಿದ್ದರೆ ತಲೆ ಓಡಿಸಿ ಏನು ಪ್ರಯೋಜನ?" ಯುದ್ಧದ ಬೋರ್ಡ್ ಆಟ ಹೊಸದಾಗಿ ಹಿಡಿದವರಿಂದ ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪ್ರತಿ ಸಲ ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಚುಟುಕಾಗಿ ಹೇಳುವುದಾದರೆ, ದಾಳ ನಿಮ್ಮ ಕೈಯಲ್ಲಿಲ್ಲ. ಆದರೆ ಯಾವ ಕದನಕ್ಕೆ ಇಳಿಯಬೇಕು, ಎಷ್ಟು ಪಡೆ ಒಯ್ಯಬೇಕು, ಯಾವಾಗ ವಾಪಸ್ ಬರಬೇಕು ಎನ್ನುವ ಮೂರೂ ನಿಮ್ಮ ಕೈಯಲ್ಲೇ ಇವೆ. ಸೋತವರು ಸಾಮಾನ್ಯವಾಗಿ ದಾಳವನ್ನು ಬೈಯುತ್ತಾರೆ. ವಾಪಸ್ ಬರಬೇಕಾದ ಜಾಗದಲ್ಲಿ ಬರಲಿಲ್ಲ ಎನ್ನುವುದು ಅವರಿಗೆ ನೆನಪೇ ಇರುವುದಿಲ್ಲ.

ಉದಾಹರಣೆಗೆ ಎರಡು ಆಟ ತೆಗೆದುಕೊಳ್ಳುತ್ತೇನೆ. ಒಂದು ರಿಸ್ಕ್. ಫ್ರಾನ್ಸಿನ ಚಿತ್ರ ನಿರ್ದೇಶಕ ಆಲ್ಬರ್ಟ್ ಲಾಮೊರಿಸ್ ರೂಪಿಸಿ 1957ರಲ್ಲಿ ಹೊರಬಂದ ಆಟ. 42 ಪ್ರದೇಶ, 6 ಖಂಡ. ಇನ್ನೊಂದು ಆಕ್ಸಿಸ್ ಅಂಡ್ ಅಲೈಸ್. ಲ್ಯಾರಿ ಹ್ಯಾರಿಸ್ ರೂಪಿಸಿದ ಎರಡನೇ ಮಹಾಯುದ್ಧದ ಆಟ. ಇದು 1984ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿಯಿಂದ ಬಂದ ಮೇಲೆ ಮನೆಮನೆಗೆ ತಲುಪಿತು. ರಿಸ್ಕ್ ಅರ್ಥವಾದರೆ ಎರಡನೆಯದು ಸುಲಭ. ಎರಡನೆಯದು ಅರ್ಥವಾದರೆ ದಾಳ ಹಾಕಿ ಕಾದಾಡುವ ಉಳಿದ ಆಟಗಳೂ ಹೆಚ್ಚುಕಮ್ಮಿ ಕೈಗೆ ಸಿಗುತ್ತವೆ.

ಏನೇನು ಬೇಕು

ಪೆಟ್ಟಿಗೆಯಲ್ಲಿ ಬಂದ ದಾಳಗಳು ಸಾಲುವುದಿಲ್ಲ. ಆರು ಮುಖದ ದಾಳ ಹನ್ನೆರಡಾದರೂ ಇರಲಿ. ಒಂದು ಪೆನ್ನು, ಒಂದು ಹಾಳೆ. ಆರರಿಂದ ಭಾಗಿಸುವಷ್ಟು ಗಣಿತ. ಅಗಲದ ಒಂದು ತಟ್ಟೆ, ಅದರೊಳಗೆ ಹಾಸಲು ಹಳೇ ಟವಲ್. ಬರೀ ಸ್ಟೀಲ್ ತಟ್ಟೆಯಾದರೆ ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ.

ಒಂದು ಮಾತು ಮೊದಲೇ ನಿಕ್ಕಿ ಮಾಡಿಕೊಳ್ಳಿ. ತಟ್ಟೆಯಿಂದ ಹೊರಗೆ ಬಿದ್ದ ದಾಳ, ಓರೆಯಾಗಿ ಒರಗಿ ನಿಂತ ದಾಳ ಲೆಕ್ಕಕ್ಕಿಲ್ಲ, ಅದೊಂದನ್ನೇ ಮತ್ತೆ ಹಾಕಬೇಕು. ಕದನದ ನಡುವೆ ಈ ಮಾತು ಎತ್ತಿದರೆ ಜಗಳವೇ ಆಗುತ್ತದೆ.

ಹಂತ 1: ನಿಮ್ಮ ಆಟದಲ್ಲಿ ಅದೃಷ್ಟ ಎಲ್ಲಿ ಕೂತಿದೆ, ನೋಡಿ

ಎಲ್ಲ ಯುದ್ಧದ ಆಟಗಳಲ್ಲೂ ಅದೃಷ್ಟ ಒಂದೇ ಜಾಗದಲ್ಲಿ ಇರುವುದಿಲ್ಲ. ನಿಯಮ ಪುಸ್ತಕ ತೆರೆದು ಮೊದಲು ಕದನದ ಅಧ್ಯಾಯ ಓದಿ.

ಕೆಲವು ಆಟಗಳಲ್ಲಿ ಇಬ್ಬರೂ ದಾಳ ಹಾಕಿ ಹೋಲಿಸುತ್ತಾರೆ. ರಿಸ್ಕ್ ಈ ಜಾತಿ. ಕೆಲವುಗಳಲ್ಲಿ ಪ್ರತಿ ತುಕಡಿಗೂ ಒಂದು ಅಂಕಿ ಇರುತ್ತದೆ. ದಾಳದಲ್ಲಿ ಅಷ್ಟು ಅಥವಾ ಅದಕ್ಕಿಂತ ಕಮ್ಮಿ ಬಿದ್ದರೆ ಏಟು ತಗುಲಿತು ಅಂತ ಅರ್ಥ. ಆಕ್ಸಿಸ್ ಅಂಡ್ ಅಲೈಸ್ ಹೀಗೆ.

ಮೂರನೆಯದು ಫಲಿತಾಂಶ ಪಟ್ಟಿಯ ಆಟಗಳು. ಇಲ್ಲಿ ಎರಡೂ ಕಡೆಯ ಬಲದ ಅನುಪಾತ ತೆಗೆದು, ಒಂದೇ ಒಂದು ದಾಳ ಹಾಕಿ, ಪಟ್ಟಿಯಲ್ಲಿ ಉತ್ತರ ನೋಡಬೇಕು. ಷಡ್ಭುಜ ಮನೆಗಳ ನಕ್ಷೆ ಮತ್ತು ಸಣ್ಣ ರಟ್ಟಿನ ಬಿಲ್ಲೆ ಇರುವ ಆಟಗಳಲ್ಲಿ ಇದೇ ಜಾಸ್ತಿ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ತಂದ ಟ್ಯಾಕ್ಟಿಕ್ಸ್ ಆಟದಿಂದ ಈ ದಾರಿ ಜನಪ್ರಿಯವಾಯಿತು. ಹೊಸಬರು ಇಲ್ಲಿ ಎಡವುವುದು ಒಂದೇ ಕಡೆ. ಅನುಪಾತವನ್ನು ಸಾಮಾನ್ಯವಾಗಿ ರಕ್ಷಣೆ ಮಾಡುವವರ ಪರವಾಗಿ ಕೆಳಕ್ಕೆ ಇಳಿಸುತ್ತಾರೆ. 14ರ ಬಲ 5ರ ಮೇಲೆ ಹೋದರೆ ಅದು ಮೂರಕ್ಕೊಂದು ಅಲ್ಲ, ಎರಡಕ್ಕೊಂದು. ಇನ್ನೊಂದು ಅಂಕ ಸೇರಿಸಿ 15 ಮಾಡಿದರೆ ಮಾತ್ರ ಮೂರಕ್ಕೊಂದು. ಆ ಒಂದು ಅಂಕಕ್ಕಾಗಿ ಪಕ್ಕದ ಸಣ್ಣ ತುಕಡಿಯನ್ನು ಎಳೆದು ತರುವುದು ಈ ಆಟಗಳ ಅರ್ಧ ಜಾಣತನ.

ಇನ್ನು ದಾಳವೇ ಇಲ್ಲದ ಆಟಗಳೂ ಇವೆ. 1959ರ ಡಿಪ್ಲೊಮಸಿಯಲ್ಲಿ ಬಲ ಸಮನಾದರೆ ಇಬ್ಬರೂ ಇದ್ದಲ್ಲೇ ಇರುತ್ತಾರೆ, ಜಾಸ್ತಿ ಬೆಂಬಲ ಇದ್ದವರು ಮುಂದೆ ಹೋಗುತ್ತಾರೆ, ಅಷ್ಟೇ. ಅಲ್ಲಿ ದಾಳದ ಬದಲು ಮನುಷ್ಯರು ಕೈಕೊಡುತ್ತಾರೆ. ನನ್ನ ಮಟ್ಟಿಗೆ ದಾಳವೇ ವಾಸಿ.

ಯುದ್ಧದ ಆಟಕ್ಕೆ ದಾಳ ಬಂದದ್ದು ಸುಮ್ನೆ ಮಜಾಕ್ಕಲ್ಲ. ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಜ್ 1824ರಲ್ಲಿ ಅಧಿಕಾರಿಗಳ ತರಬೇತಿಗೆ ರೂಪಿಸಿದ ಆಟದಲ್ಲೂ ದಾಳ ಇತ್ತು. ರಣರಂಗದಲ್ಲಿ ಅಂದುಕೊಂಡದ್ದೆಲ್ಲ ಆಗುವುದಿಲ್ಲ ಎನ್ನುವುದನ್ನು ಅಧಿಕಾರಿಗಳಿಗೆ ಕಲಿಸಬೇಕಿತ್ತು.

ಹಂತ 2: ರಿಸ್ಕ್‌ನಲ್ಲಿ ಕೈ ಪಳಗಿಸಿ

ರಿಸ್ಕ್ ಕದನದ ನಿಯಮ ನಾಲ್ಕು ಸಾಲಿನದು. ದಾಳಿ ಮಾಡುವವರು ಮೂರು ದಾಳದವರೆಗೆ ಹಾಕಬಹುದು. ರಕ್ಷಣೆಯವರು ಎರಡರವರೆಗೆ. ಎರಡೂ ಕಡೆಯ ದೊಡ್ಡ ಸಂಖ್ಯೆಗಳನ್ನು ಒಂದಕ್ಕೊಂದು ಎದುರು ಇಟ್ಟು, ನಂತರ ಎರಡನೇ ದೊಡ್ಡವನ್ನು ಎದುರು ಇಟ್ಟು ಹೋಲಿಸಬೇಕು. ಸಣ್ಣ ಸಂಖ್ಯೆ ಬಂದವರ ಒಂದು ಪಡೆ ಹೋಯಿತು. ಸಮ ಬಂದರೆ ಗೆಲುವು ರಕ್ಷಣೆಯವರದು.

ಆ ಕೊನೆಯ ಸಾಲೇ ಇಡೀ ಆಟದ ಕೀಲಿ. ಒಂದು ದಾಳಕ್ಕೆ ಒಂದು ದಾಳ ಎದುರಾದರೆ ದಾಳಿಕೋರ ಗೆಲ್ಲುವುದು ನೂರಕ್ಕೆ 42 ಸಲ ಮಾತ್ರ. ಹಾಗಾದರೆ ದಾಳಿಗೆ ಲಾಭ ಎಲ್ಲಿಂದ ಬರುತ್ತದೆ? ಮೂರನೇ ದಾಳದಿಂದ.

ಮೂರಕ್ಕೆ ಎರಡು ಎದುರಾದಾಗ ಹೀಗಾಗುತ್ತದೆ. ರಕ್ಷಣೆಯವರು ಎರಡೂ ಕಳೆದುಕೊಳ್ಳುವುದು ನೂರಕ್ಕೆ 37 ಸಲ. ಇಬ್ಬರೂ ಒಂದೊಂದು ಕಳೆದುಕೊಳ್ಳುವುದು 34 ಸಲ. ದಾಳಿಕೋರ ಎರಡೂ ಕಳೆದುಕೊಳ್ಳುವುದು 29 ಸಲ. ಸರಾಸರಿ ತೆಗೆದರೆ ಪ್ರತಿ ಸಲ ದಾಳ ಹಾಕಿದಾಗ ದಾಳಿಕೋರನಿಗೆ 0.92 ಪಡೆ ನಷ್ಟ, ರಕ್ಷಣೆಯವರಿಗೆ 1.08. ವ್ಯತ್ಯಾಸ ಸಣ್ಣದು. ಆದರೆ ಸೇನೆ ದೊಡ್ಡದಾದಷ್ಟೂ ಈ ಸಣ್ಣ ವ್ಯತ್ಯಾಸ ಸೇರಿ ಸೇರಿ ದಾಳಿಕೋರನ ಕಡೆ ವಾಲುತ್ತದೆ.

ಈಗ ಇದೇ ಆಟವನ್ನು ಎರಡಕ್ಕೆ ಎರಡು ದಾಳದಲ್ಲಿ ನೋಡಿ. ದಾಳಿಕೋರ ಎರಡೂ ಗೆಲ್ಲುವುದು 23 ಸಲ. ಎರಡೂ ಸೋಲುವುದು 45 ಸಲ. ಒಂದೇ ಒಂದು ದಾಳ ಕಮ್ಮಿಯಾಗಿದ್ದಕ್ಕೆ ಕಥೆ ಪೂರಾ ತಿರುಗಿಬಿತ್ತು, ಅಲ್ವಾ?

ಒಂದು ಪಡೆ ಯಾವಾಗಲೂ ಹಿಂದಿನ ಪ್ರದೇಶದಲ್ಲಿ ಉಳಿಯಬೇಕು. ಹಾಗಾಗಿ ಮೂರು ದಾಳ ಹಾಕಲು ಆ ಪ್ರದೇಶದಲ್ಲಿ ಕಮ್ಮಿ ಅಂದರೂ 4 ಪಡೆ ಇರಬೇಕು. ಅದು 3ಕ್ಕೆ ಇಳಿಯಿತು, ಎದುರಿಗೆ ಇನ್ನೂ 2 ಪಡೆ ಇದೆ ಎಂದರೆ ನಿಲ್ಲಿಸಿ. ನಾನು ನೋಡಿದ ಹೊಸಬರಲ್ಲಿ ಹೆಚ್ಚಿನವರು ಇಲ್ಲೇ ಕೆಡುವುದು. ಎಂಟರಿಂದ ಮೂರಕ್ಕೆ ಇಳಿದ ಸಿಟ್ಟಿನಲ್ಲಿ ಉಳಿದದ್ದನ್ನೂ ಸುರಿಯುತ್ತಾರೆ. ಆಮೇಲೆ ಆ ಗಡಿಯಲ್ಲಿ ಒಂಟಿ ಪಡೆ ನಿಂತಿರುತ್ತದೆ, ಪಕ್ಕದವನು ನಡೆದುಕೊಂಡು ಒಳಗೆ ಬರುತ್ತಾನೆ.

ಹಂತ 3: ಆಕ್ಸಿಸ್ ಅಂಡ್ ಅಲೈಸ್ ಕದನದ ಸುತ್ತು ಕಲಿಯಿರಿ

ಇನ್ನು ದೊಡ್ಡ ಆಟಕ್ಕೆ ಬರೋಣ. ಇಲ್ಲಿನ ಅಂಕಿಗಳು 1942 ಹೆಸರಿನ ಆವೃತ್ತಿಯ ಎರಡನೇ ಮುದ್ರಣದವು. ನಿಮ್ಮ ಪೆಟ್ಟಿಗೆ ಬೇರೆಯಾದರೆ ಬೆಲೆಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಲೆಕ್ಕದ ದಾರಿ ಅದೇ.

ಪ್ರತಿ ತುಕಡಿಗೂ ಮೂರು ಅಂಕಿ ಗೊತ್ತಿರಬೇಕು: ದಾಳಿ, ರಕ್ಷಣೆ, ಬೆಲೆ. ಬೆಲೆಯ ಲೆಕ್ಕ ಐಪಿಸಿಯಲ್ಲಿ. ಗಾಬರಿ ಬೇಡ, ದಂಡ ಸಂಹಿತೆಯ ಐಪಿಸಿ ಅಲ್ಲ ಇದು. ಇಂಡಸ್ಟ್ರಿಯಲ್ ಪ್ರೊಡಕ್ಷನ್ ಸರ್ಟಿಫಿಕೇಟ್, ಅಂದರೆ ಆಟದ ದುಡ್ಡು.

ಕಾಲಾಳು: ದಾಳಿ 1, ರಕ್ಷಣೆ 2, ಬೆಲೆ 3.
ಫಿರಂಗಿ: ದಾಳಿ 2, ರಕ್ಷಣೆ 2, ಬೆಲೆ 4.
ಟ್ಯಾಂಕ್: ದಾಳಿ 3, ರಕ್ಷಣೆ 3, ಬೆಲೆ 6.
ಫೈಟರ್ ವಿಮಾನ: ದಾಳಿ 3, ರಕ್ಷಣೆ 4, ಬೆಲೆ 10.
ಬಾಂಬರ್ ವಿಮಾನ: ದಾಳಿ 4, ರಕ್ಷಣೆ 1, ಬೆಲೆ 12.

ಇವುಗಳ ಜೊತೆ ಒಂದು ವಿಶೇಷ. ದಾಳಿಯಲ್ಲಿ ಪ್ರತಿ ಫಿರಂಗಿಯ ಜೊತೆಗೂ ಒಬ್ಬ ಕಾಲಾಳು ಇದ್ದರೆ ಆ ಕಾಲಾಳಿನ ದಾಳಿ 1ರಿಂದ 2ಕ್ಕೆ ಏರುತ್ತದೆ. ರಕ್ಷಣೆಗೆ ಇದು ಅನ್ವಯಿಸುವುದಿಲ್ಲ.

ಕದನದ ಒಂದು ಸುತ್ತು ಹೀಗೆ ಸಾಗುತ್ತದೆ. ದಾಳಿಕೋರರು ಪ್ರತಿ ತುಕಡಿಗೂ ಒಂದು ದಾಳ ಹಾಕುತ್ತಾರೆ. ಟ್ಯಾಂಕ್‌ಗೆ ಹಾಕಿದ ದಾಳದಲ್ಲಿ 1, 2 ಅಥವಾ 3 ಬಿದ್ದರೆ ಒಂದು ಏಟು. ಎಷ್ಟು ಏಟು ಬಿತ್ತೋ ಅಷ್ಟು ತುಕಡಿಗಳನ್ನು ರಕ್ಷಣೆಯವರು ತಾವೇ ಆರಿಸಿ ಬದಿಗಿಡುತ್ತಾರೆ. ಆಮೇಲೆ ರಕ್ಷಣೆಯವರು ದಾಳ ಹಾಕುತ್ತಾರೆ. ಸುತ್ತು ಮುಗಿದ ಮೇಲೆ ಸತ್ತವುಗಳನ್ನು ತೆಗೆದು, ದಾಳಿಕೋರರು ಮುಂದುವರಿಯಬೇಕೋ ಹಿಂದೆ ಸರಿಯಬೇಕೋ ತೀರ್ಮಾನಿಸುತ್ತಾರೆ.

ಎಚ್ಚರ: ಬದಿಗಿಟ್ಟ ರಕ್ಷಣಾ ತುಕಡಿಗಳೂ ಆ ಸುತ್ತಿನಲ್ಲಿ ದಾಳ ಹಾಕುತ್ತವೆ. "ಅವು ಸತ್ತುಹೋದವಲ್ಲ" ಅಂತ ಪೆಟ್ಟಿಗೆಗೆ ಹಾಕಿಬಿಡುವುದು ಮೊದಲ ಆಟದಲ್ಲಿ ಎಲ್ಲರೂ ಮಾಡುವ ತಪ್ಪು. ಇದರಿಂದ ದಾಳಿಕೋರನಿಗೆ ಸಿಗಬಾರದ ದೊಡ್ಡ ಲಾಭ ಸಿಗುತ್ತದೆ. ನಿಯಮದ ಪ್ರಕಾರ ಎರಡೂ ಕಡೆಯ ಗುಂಡು ಒಂದೇ ಹೊತ್ತಿಗೆ ಹಾರುತ್ತಿವೆ. ಒಬ್ಬರಾದ ಮೇಲೆ ಒಬ್ಬರು ದಾಳ ಹಾಕುವುದು ನಮ್ಮ ಅನುಕೂಲಕ್ಕೆ.

ಹಂತ 4: ಬಲ ಮತ್ತು ಜೀವದ ಲೆಕ್ಕ

ಇದೇ ಈ ಲೇಖನದ ತಿರುಳು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕದನಕ್ಕೆ ಇಳಿಯುವ ಮೊದಲು ಹಾಳೆಯ ಮೇಲೆ ಎರಡು ಸಂಖ್ಯೆ ಬರೆಯಿರಿ. ನಿಮ್ಮ ಎಲ್ಲ ತುಕಡಿಗಳ ಅಂಕಿ ಕೂಡಿಸಿದರೆ ಬರುವುದು ಬಲ. ಎಷ್ಟು ಏಟು ತಿಂದರೆ ನಿಮ್ಮ ಸೇನೆ ಖಾಲಿಯಾಗುತ್ತದೋ ಅದು ಜೀವ. ಬಲವನ್ನು 6ರಿಂದ ಭಾಗಿಸಿದರೆ ಒಂದು ಸುತ್ತಿನಲ್ಲಿ ಸರಾಸರಿ ಎಷ್ಟು ಏಟು ಬೀಳುತ್ತದೆ ಅಂತ ಗೊತ್ತಾಗುತ್ತದೆ.

ಒಂದು ಕದನ ನೋಡೋಣ. ದಾಳಿಗೆ ನೀವು 3 ಕಾಲಾಳು, 1 ಫಿರಂಗಿ, 2 ಟ್ಯಾಂಕ್ ತಂದಿದ್ದೀರಿ. ಒಬ್ಬ ಕಾಲಾಳಿಗೆ ಫಿರಂಗಿಯ ಬೆಂಬಲ ಇದೆ, ಹಾಗಾಗಿ ಕಾಲಾಳುಗಳ ಬಲ 2, 1, 1. ಫಿರಂಗಿ 2. ಟ್ಯಾಂಕ್‌ಗಳು 3 ಮತ್ತು 3. ಒಟ್ಟು 12. ಜೀವ 6. ಸರಾಸರಿ ಸುತ್ತಿಗೆ 2 ಏಟು.

ಎದುರಿಗೆ 3 ಕಾಲಾಳು, 1 ಟ್ಯಾಂಕ್. ರಕ್ಷಣೆಯ ಬಲ 9. ಜೀವ 4. ಸರಾಸರಿ ಸುತ್ತಿಗೆ ಒಂದೂವರೆ ಏಟು.

ಬಲ 12ಕ್ಕೆ 9 ಎಂದರೆ ಮೂರನೇ ಒಂದರಷ್ಟು ಮಾತ್ರ ಜಾಸ್ತಿ ಅನ್ನಿಸುತ್ತದೆ. ಆದರೆ ಸೇನೆ ದೊಡ್ಡದಾದರೆ ಎರಡು ಲಾಭ ಒಟ್ಟಿಗೆ ಸಿಗುತ್ತವೆ: ಜಾಸ್ತಿ ಹೊಡೆಯುತ್ತೀರಿ, ಜಾಸ್ತಿ ಹೊತ್ತು ನಿಲ್ಲುತ್ತೀರಿ. ಆದ್ದರಿಂದ ಬಲವನ್ನು ಜೀವದಿಂದ ಗುಣಿಸಿ. ನಿಮ್ಮದು 12 ಗುಣಿಲೆ 6, ಅಂದರೆ 72. ಎದುರಿನವರದು 9 ಗುಣಿಲೆ 4, ಅಂದರೆ 36. ಸರಿಯಾಗಿ ಎರಡು ಪಟ್ಟು. ಇದು ಇಳಿಯಬಹುದಾದ ಕದನ.

ಈ ಗುಣಾಕಾರ ಗಾಳಿಯಿಂದ ಬಂದದ್ದಲ್ಲ. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡ್ರಿಕ್ ಲ್ಯಾಂಚೆಸ್ಟರ್ ಮೊದಲ ಮಹಾಯುದ್ಧದ ಕಾಲದಲ್ಲೇ ಬಂದೂಕಿನ ಯುದ್ಧದಲ್ಲಿ ಸೇನೆಯ ಶಕ್ತಿ ಸಂಖ್ಯೆಯ ವರ್ಗದಂತೆ ಏರುತ್ತದೆ ಅಂತ ತೋರಿಸಿದ್ದರು. ನಮ್ಮದು ಅದರ ಒರಟು ರೂಪ. ಪಕ್ಕಾ ಉತ್ತರ ಕೊಡುವುದಿಲ್ಲ, ಆದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ನನ್ನ ಅಳತೆಗೋಲು ಇದು. ಒಂದೂವರೆ ಪಟ್ಟಿಗಿಂತ ಕಮ್ಮಿ ಇದ್ದರೆ ಬಿಟ್ಟುಬಿಡುತ್ತೇನೆ, ಆ ಪ್ರದೇಶ ಸಿಗದಿದ್ದರೆ ಆಟವೇ ಹೋಗುತ್ತದೆ ಎನ್ನುವಂತಿದ್ದರೆ ಮಾತ್ರ ಇಳಿಯುತ್ತೇನೆ. ಎರಡು ಪಟ್ಟು ಇದ್ದರೆ ಹೋಗುತ್ತೇನೆ. ಮೂರು ಪಟ್ಟಿಗಿಂತ ಜಾಸ್ತಿ ಆದರೆ ಬೇಕಾದ್ದಕ್ಕಿಂತ ಹೆಚ್ಚು ಪಡೆ ಕಳಿಸುತ್ತಿದ್ದೇನಾ ಅಂತ ನೋಡಿ, ಸ್ವಲ್ಪ ಬೇರೆ ಕಡೆಗೆ ತಿರುಗಿಸುತ್ತೇನೆ.

ಇದೇ ಲೆಕ್ಕ ಖರೀದಿಯಲ್ಲೂ ಕೆಲಸ ಮಾಡುತ್ತದೆ. 24 ಐಪಿಸಿ ಇದೆ ಅಂದುಕೊಳ್ಳಿ. ಬರೀ ಟ್ಯಾಂಕ್ ತಂದರೆ 4 ಬರುತ್ತವೆ: ದಾಳಿಯ ಬಲ 12, ಜೀವ 4, ಗುಣಿಸಿದರೆ 48. ಬರೀ ಕಾಲಾಳು ತಂದರೆ 8: ಬಲ 8, ಜೀವ 8, ಒಟ್ಟು 64. ಬರೀ ಫಿರಂಗಿ 6: ಬಲ 12, ಜೀವ 6, ಒಟ್ಟು 72. ನಾಲ್ಕು ಕಾಲಾಳು, ಮೂರು ಫಿರಂಗಿ ಸೇರಿಸಿ ತಂದರೆ ಬಲ 13, ಜೀವ 7, ಒಟ್ಟು 91. ಟ್ಯಾಂಕಿನ ಬೊಂಬೆ ಚೆಂದ ಕಾಣುತ್ತದೆ ಅಂತ ಕೊಂಡವರು ಈ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಟ್ಯಾಂಕಿಗೆ ಎರಡು ಮನೆ ಓಡುವ ವೇಗ ಇದೆ ನಿಜ. ಆ ವೇಗ ಬೇಕಾದಾಗ ಮಾತ್ರ ಅದಕ್ಕೆ ದುಡ್ಡು ಕೊಡಿ.

ರಕ್ಷಣೆಯಲ್ಲಂತೂ ಕಾಲಾಳಿಗೆ ಸಾಟಿಯೇ ಇಲ್ಲ. ಅದೇ 24 ಐಪಿಸಿಗೆ 8 ಕಾಲಾಳು ಬಂದರೆ ರಕ್ಷಣೆಯ ಬಲ 16, ಜೀವ 8, ಗುಣಿಸಿದರೆ 128. ನಾಲ್ಕು ಟ್ಯಾಂಕ್ ಆದರೆ ಬರೀ 48.

ಹಂತ 5: ಸರಾಸರಿ ನಂಬಿ, ಆದರೆ ಪೂರ್ತಿ ನಂಬಬೇಡಿ

ಸರಾಸರಿ 2 ಏಟು ಅಂದರೆ ಪ್ರತಿ ಸಲ 2 ಬೀಳುತ್ತದೆ ಅಂತಲ್ಲ. ಮೇಲಿನ ನಿಮ್ಮ ಸೇನೆ, 6 ತುಕಡಿ, 12ರ ಬಲ, ಮೊದಲ ಸುತ್ತಿನಲ್ಲಿ ಒಂದೂ ಏಟು ಹೊಡೆಯದೇ ಇರುವ ಸಾಧ್ಯತೆ ನೂರಕ್ಕೆ ಸುಮಾರು 8. ಅಂದರೆ 13ರಲ್ಲಿ ಒಂದು ಸಲ. ಐದಾರು ಗಂಟೆಯ ಆಟದಲ್ಲಿ ಮೂವತ್ತು ನಲವತ್ತು ಸುತ್ತು ದಾಳ ಉರುಳುತ್ತದೆ. ಹಾಗಿದ್ದ ಮೇಲೆ ಇಂಥದ್ದು ಎರಡು ಮೂರು ಸಲ ಆಗದಿದ್ದರೇ ಆಶ್ಚರ್ಯ.

ಇಲ್ಲಿ ಒಂದು ತಮಾಷೆಯ ವಿಷಯ ಇದೆ. "ದಾಳ ಜಾಸ್ತಿ ಇದ್ದರೆ ಅದೃಷ್ಟ ಕಮ್ಮಿ" ಅಂತ ಎಲ್ಲರೂ ಹೇಳುತ್ತಾರೆ. ಇದು ಅರ್ಧ ನಿಜ. 12ರ ಬಲವನ್ನು ಎರಡು ರೀತಿಯಲ್ಲಿ ಕಟ್ಟಬಹುದು: 12 ಕಾಲಾಳು, ಅಥವಾ 3 ಬಾಂಬರ್. ಎರಡಕ್ಕೂ ಸರಾಸರಿ 2 ಏಟು. ಒಂದೂ ಏಟು ಬೀಳದಿರುವ ಸಾಧ್ಯತೆ 12 ಕಾಲಾಳಿಗೆ ನೂರಕ್ಕೆ 11. ಮೂರು ಬಾಂಬರ್‌ಗೆ ಬರೀ 4. ಬಲ ಅಷ್ಟೇ ಇದ್ದಾಗ ದೊಡ್ಡ ಅಂಕಿಯ ತುಕಡಿಗಳೇ ಹೆಚ್ಚು ನಂಬಿಕಸ್ಥ. ಆದರೆ ಮೂರು ಏಟು ತಿಂದರೆ ಬಾಂಬರ್‌ಗಳು ಮುಗಿದವು, 36 ಐಪಿಸಿ ಬೂದಿ. ಕಾಲಾಳುಗಳು ಇನ್ನೂ ಒಂಬತ್ತು ನಿಂತಿರುತ್ತವೆ. ಅದಕ್ಕೇ ಒಳ್ಳೆಯ ದಾಳಿಯಲ್ಲಿ ಎರಡೂ ಬೇಕು. ಮುಂದೆ ಏಟು ತಿನ್ನಲು ಅಗ್ಗದ ಕಾಲಾಳು, ಹಿಂದಿನಿಂದ ಹೊಡೆಯಲು ದುಬಾರಿ ವಿಮಾನ.

ಇನ್ನೊಂದು ತಪ್ಪು ಕಲ್ಪನೆ. "ಮೂರು ಸಲ ಏಟು ಬಿದ್ದಿಲ್ಲ, ಈ ಸಲ ಬಿದ್ದೇ ಬೀಳುತ್ತೆ." ಚೌಕಾಬಾರ ಆಡಿದವರಿಗೆ ಇದು ಹೊಸದಲ್ಲ. ಕವಡೆಯನ್ನು ಎಷ್ಟು ಹೊತ್ತು ಕೈಯಲ್ಲಿ ಕುಲುಕಿದರೂ, ಹಿಂದಿನ ಗರ ಏನಾಗಿತ್ತು ಅಂತ ಕವಡೆ ಕೇಳುವುದಿಲ್ಲ. ಟ್ಯಾಂಕ್‌ಗೆ ಹಾಕುವ ದಾಳದಲ್ಲಿ ಏಟು ಬೀಳುವ ಸಾಧ್ಯತೆ ಹಿಂದೆ ಹತ್ತು ಸಲ ತಪ್ಪಿದ್ದರೂ ಅರ್ಧಕ್ಕರ್ಧವೇ.

ಹಂತ 6: ಪ್ರತಿ ಸುತ್ತು ಮುಗಿದ ಮೇಲೆ ಹೊಸದಾಗಿ ಲೆಕ್ಕ ಹಾಕಿ

ಮೇಲಿನ ಕದನವನ್ನೇ ಮುಂದುವರಿಸೋಣ. 72ಕ್ಕೆ 36 ಅಂತ ಧೈರ್ಯವಾಗಿ ಇಳಿದಿರಿ.

ಮೊದಲ ಸಾಧ್ಯತೆ: ನೀವು 2 ಏಟು ಹೊಡೆದಿರಿ, ಅವರು 1 ಹೊಡೆದರು. ನೀವು ಬೆಂಬಲವಿಲ್ಲದ ಒಬ್ಬ ಕಾಲಾಳನ್ನು ತೆಗೆದಿರಿ. ಈಗ ನಿಮ್ಮ ಬಲ 11, ಜೀವ 5, ಒಟ್ಟು 55. ಅವರು ಇಬ್ಬರು ಕಾಲಾಳು ಕಳೆದುಕೊಂಡರು. ಬಲ 5, ಜೀವ 2, ಒಟ್ಟು 10. ಯೋಚನೆಯೇ ಬೇಡ, ಮುಂದುವರಿಯಿರಿ.

ಎರಡನೇ ಸಾಧ್ಯತೆ: ನೀವು ಒಂದೂ ಏಟು ಹೊಡೆಯಲಿಲ್ಲ, ಅವರು 2 ಹೊಡೆದರು. ಈಗ ನಿಮ್ಮಲ್ಲಿ ಉಳಿದದ್ದು 1 ಕಾಲಾಳು, 1 ಫಿರಂಗಿ, 2 ಟ್ಯಾಂಕ್. ಬಲ 10, ಜೀವ 4, ಒಟ್ಟು 40. ಅವರದು ಇನ್ನೂ 36. ಎರಡು ಪಟ್ಟಿದ್ದ ಕದನ ಒಂದೇ ಸುತ್ತಿನಲ್ಲಿ ಸಮಬಲದ ಕದನ ಆಯಿತು. ಮೊದಲೇ 40ಕ್ಕೆ 36 ಇದ್ದಿದ್ದರೆ ಇಳಿಯುತ್ತಿದ್ದಿರಾ? ಇಲ್ಲ ತಾನೇ? ಹಾಗಾದರೆ ಈಗ ಯಾಕೆ ಮುಂದುವರಿಯಬೇಕು?

ಈ ಪ್ರಶ್ನೆಯನ್ನು ಪ್ರತಿ ಸುತ್ತಿನ ಕೊನೆಯಲ್ಲಿ ಜೋರಾಗಿಯೇ ಕೇಳಿಕೊಳ್ಳಿ. ಹೋದ ಇಬ್ಬರು ಕಾಲಾಳು ಹೋದರು, 6 ಐಪಿಸಿ. ಅದನ್ನು ವಾಪಸ್ ತರಲು ಉಳಿದ 19 ಐಪಿಸಿಯ ಸೇನೆಯನ್ನು ಪಣಕ್ಕಿಡುವುದು ಪಗಡೆಯಲ್ಲಿ ಧರ್ಮರಾಯ ಮಾಡಿದ ಕೆಲಸ. ಅದರ ಫಲ ಏನಾಯಿತು ಅಂತ ಬೇರೆ ಹೇಳಬೇಕಾಗಿಲ್ಲ.

ಹಿಂದೆ ಸರಿಯುವ ನಿಯಮಗಳನ್ನು ಸರಿಯಾಗಿ ತಿಳಿದಿರಿ. ದಾಳಿಕೋರರು ಮಾತ್ರ ಹಿಂದೆ ಸರಿಯಬಹುದು. ಭೂಸೇನೆ ಪೂರ್ತಿ ಒಟ್ಟಿಗೆ, ಒಂದೇ ಪ್ರದೇಶಕ್ಕೆ ಹೋಗಬೇಕು. ಆ ಪ್ರದೇಶ ಪಕ್ಕದ್ದಾಗಿರಬೇಕು, ನಿಮ್ಮ ಭೂಸೇನೆಯಲ್ಲಿ ಕೆಲವರಾದರೂ ಅಲ್ಲಿಂದಲೇ ಬಂದಿರಬೇಕು. ಹಡಗಿನಿಂದ ದಡಕ್ಕೆ ಇಳಿದ ಸೇನೆಗೆ ಹಿಂದಕ್ಕೆ ದಾರಿ ಇಲ್ಲ. ಗೆಲ್ಲಬೇಕು, ಇಲ್ಲವೇ ಸಾಯಬೇಕು. ಹಾಗಾಗಿ ಸಮುದ್ರದಿಂದ ದಾಳಿ ಮಾಡುವಾಗ ಎರಡು ಪಟ್ಟು ಸಾಲದು, ಜಾಸ್ತಿಯೇ ಒಯ್ಯಿರಿ.

ಹಂತ 7: ಯಾರನ್ನು ಬಲಿ ಕೊಡಬೇಕು

ಏಟು ಬಿದ್ದಾಗ ಯಾವ ತುಕಡಿ ತೆಗೆಯಬೇಕು ಅನ್ನುವುದು ನಿಮ್ಮ ಆಯ್ಕೆ. ಸಾಮಾನ್ಯವಾಗಿ ಅಗ್ಗದ್ದು ಮೊದಲು. ಆದರೆ ಮೂರು ಕಡೆ ಕಣ್ಣಿಟ್ಟಿರಿ.

ವಿಮಾನಗಳು ಕದನ ಗೆಲ್ಲುತ್ತವೆ, ಪ್ರದೇಶ ಹಿಡಿಯುವುದಿಲ್ಲ. ಕೊನೆಗೆ ಭೂಸೇನೆಯ ಒಂದು ತುಕಡಿಯಾದರೂ ಉಳಿಯದಿದ್ದರೆ ಎದುರಾಳಿ ಪೂರ್ತಿ ಸತ್ತರೂ ಆ ಪ್ರದೇಶ ಅವರದ್ದೇ. ಫೈಟರ್ ಉಳಿಸಲು ಕೊನೆಯ ಕಾಲಾಳನ್ನು ತೆಗೆದು, ಆಮೇಲೆ ಪೆಚ್ಚಾಗಿ ಕೂತವರನ್ನು ತುಂಬಾ ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಫಿರಂಗಿಗೆ ಜೋಡಿಯಾದ ಕಾಲಾಳನ್ನು ತೆಗೆದರೆ ಬಲ 2 ಇಳಿಯುತ್ತದೆ. ಜೋಡಿಯಿಲ್ಲದ ಕಾಲಾಳನ್ನು ತೆಗೆದರೆ 1 ಮಾತ್ರ. ಫಿರಂಗಿ ಎಷ್ಟಿದೆಯೋ ಅಷ್ಟು ಕಾಲಾಳು ಉಳಿಯುವ ಹಾಗೆ ನೋಡಿಕೊಳ್ಳಿ.

ಮೂರನೆಯದನ್ನು ಹೊಸಬರು ನೋಡುವುದೇ ಇಲ್ಲ: ಗೆದ್ದ ಮೇಲೆ ಏನು? ಮುಂದಿನ ಸರದಿ ಎದುರಾಳಿಯದ್ದು. ನೀವು ಗೆದ್ದ ಪ್ರದೇಶದ ಪಕ್ಕದಲ್ಲಿ ಅವರ ಎಂಟು ತುಕಡಿ ಇದ್ದರೆ, ಅಲ್ಲಿ ಉಳಿದ ನಿಮ್ಮ ಎರಡು ಟ್ಯಾಂಕ್ ನಾಳೆ ಬೆಳಿಗ್ಗೆ ಇರುವುದಿಲ್ಲ. ಅಂಥ ಪ್ರದೇಶಕ್ಕೆ ಇಬ್ಬರು ಕಾಲಾಳು, ಒಂದು ಫೈಟರ್ ಸಾಕು. ಪ್ರದೇಶ ಹಿಡಿಯಿರಿ, ಆದಾಯ ತೆಗೆದುಕೊಳ್ಳಿ, ಫೈಟರ್ ವಾಪಸ್ ಕರೆಸಿಕೊಳ್ಳಿ, ಕಾಲಾಳು ಹೋದರೆ ಹೋಗಲಿ. ವಾಪಸ್ ಬರಲು ಫೈಟರ್‌ಗೆ ಮನೆಗಳು ಉಳಿದಿವೆಯೇ ಅಂತ ಮೊದಲೇ ಎಣಿಸಿ. ಹೋಗುವುದು ಬರುವುದು ಸೇರಿ ಅದಕ್ಕೆ ಇರುವುದು 4 ಮನೆ, ಬಾಂಬರ್‌ಗೆ 6. ಇಳಿಯಲು ಜಾಗ ಸಿಗದ ವಿಮಾನ ನಷ್ಟವೇ.

ಹಂತ 8: ಸಮುದ್ರ ಮತ್ತು ಆಕಾಶ, ಬೇಗನೆ

ಸಬ್‌ಮರೀನ್ ದಾಳಿ 2, ಬೆಲೆ 6. ಎದುರಾಳಿಯಲ್ಲಿ ಡೆಸ್ಟ್ರಾಯರ್ ಹಡಗು ಇಲ್ಲದಿದ್ದರೆ ಇದು ಉಳಿದವರಿಗಿಂತ ಮೊದಲೇ ಹೊಡೆಯುತ್ತದೆ, ಅದರ ಏಟಿಗೆ ಮುಳುಗಿದ ಹಡಗಿಗೆ ತಿರುಗಿ ಹೊಡೆಯುವ ಅವಕಾಶ ಇಲ್ಲ. ಹಾಗಾಗಿ ನಿಮ್ಮ ಪ್ರತಿ ಹಡಗುಪಡೆಯ ಜೊತೆ ಒಂದು ಡೆಸ್ಟ್ರಾಯರ್ ಇರಲಿ. ಬ್ಯಾಟಲ್‌ಶಿಪ್ ಎರಡು ಏಟು ತಡೆಯುತ್ತದೆ. ಮೊದಲ ಏಟನ್ನು ಯಾವಾಗಲೂ ಅದಕ್ಕೇ ಕೊಡಿ, ಕದನದಲ್ಲಿ ಉಳಿದುಕೊಂಡರೆ ಅದು ಪುಕ್ಕಟೆ ದುರಸ್ತಿ ಆಗುತ್ತದೆ. ಲೆಕ್ಕದಲ್ಲಿ ಅದರ ಜೀವ 2 ಅಂತ ಹಿಡಿಯಿರಿ.

ವಿಮಾನ ನಿರೋಧಕ ತೋಪು ಇರುವ ಜಾಗಕ್ಕೆ ವಿಮಾನ ಕಳಿಸಿದರೆ ಮೊದಲ ಸುತ್ತಿಗೆ ಮುಂಚೆ ಒಂದೊಂದು ತೋಪು ಮೂರು ದಾಳದವರೆಗೆ ಹಾಕುತ್ತದೆ. 1 ಬಿದ್ದರೆ ವಿಮಾನ ಉದುರುತ್ತದೆ. ಆರರಲ್ಲಿ ಒಂದು ಅಂದರೆ ಸಣ್ಣದು ಅನ್ನಿಸುತ್ತದೆ. ಮೂರು ವಿಮಾನ ಕಳಿಸಿದರೆ ಒಂದಾದರೂ ಉದುರುವ ಸಾಧ್ಯತೆ ನೂರಕ್ಕೆ 42.

ಈ ನಕ್ಷೆಯಲ್ಲಿ ಭಾರತವೂ ಇದೆ, ಬ್ರಿಟನ್ ಆಡುವವರ ಕೈಯಲ್ಲಿ. ಕಲ್ಕತ್ತಾ ಅಲ್ಲಿನ ವಿಜಯದ ನಗರಗಳಲ್ಲಿ ಒಂದು, ಅಂದರೆ ಗೆಲುವಿನ ಎಣಿಕೆಗೆ ಬರುವ ಊರು. ಜಪಾನ್ ಅತ್ತ ನೋಡುತ್ತಲೇ ಇರುತ್ತದೆ. ಮೊದಲ ಎರಡು ಸರದಿಯಲ್ಲಿ ಅಲ್ಲಿ ಕಾಲಾಳು ಇಡದೆ ವಿಮಾನ ಕೊಳ್ಳುವ ಬ್ರಿಟನ್ ಆಟಗಾರರಿಗೆ ಹಂತ 4ನ್ನು ಇನ್ನೊಮ್ಮೆ ಓದಲು ಹೇಳಿ.

ಹಂತ 9: ಅದೃಷ್ಟ ಜಾಸ್ತಿ ಅನ್ನಿಸಿದರೆ ಕಮ್ಮಿ ಮಾಡಿಕೊಳ್ಳಿ

ದಾಳದ ಕಾಟ ತಡೆಯಲಾರೆ ಅನ್ನುವವರಿಗೆ ಲೋ ಲಕ್ ಎನ್ನುವ ಪದ್ಧತಿ ಇದೆ. ಬಲವನ್ನು 6ರಿಂದ ಭಾಗಿಸಿ. ಪೂರ್ಣ ಭಾಗ ಎಷ್ಟೋ ಅಷ್ಟು ಏಟು ದಾಳವಿಲ್ಲದೆ ಬೀಳುತ್ತದೆ. ಉಳಿದ ಶೇಷಕ್ಕೆ ಮಾತ್ರ ಒಂದು ದಾಳ. ನಮ್ಮ ಕದನದಲ್ಲಿ ದಾಳಿಯ ಬಲ 12, ಹಾಗಾಗಿ ಸರಿಯಾಗಿ 2 ಏಟು, ದಾಳವೇ ಬೇಡ. ರಕ್ಷಣೆಯ ಬಲ 9: ಒಂದು ಏಟು ಖಾತ್ರಿ, ಶೇಷ 3. ಒಂದು ದಾಳ ಹಾಕಿ, 3 ಅಥವಾ ಕಮ್ಮಿ ಬಿದ್ದರೆ ಇನ್ನೊಂದು.

ಇದರಲ್ಲಿ ಆಟ ಬೇಗ ಮುಗಿಯುತ್ತದೆ, ಜಗಳ ಕಮ್ಮಿ. ನನಗೆ ಪೂರ್ತಿ ಇಷ್ಟವಿಲ್ಲ, ಕಾರಣ ಹೇಳುತ್ತೇನೆ. ಲೋ ಲಕ್‌ನಲ್ಲಿ ಜನ 12ರ ಬಲವನ್ನು 12ಕ್ಕೇ ನಿಲ್ಲಿಸಲು ಕೂತು ಎಣಿಸತೊಡಗುತ್ತಾರೆ. ಯಾಕೆಂದರೆ 11 ತಂದರೆ ಎರಡನೇ ಏಟು ಅನುಮಾನ, 13 ತಂದರೆ ಆ ಒಂದು ಹೆಚ್ಚುಕಮ್ಮಿ ದಂಡ. ಒಂದು ಸರದಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅಪಾಯಕ್ಕೆಂದು ಸ್ವಲ್ಪ ಜಾಸ್ತಿ ಪಡೆ ಒಯ್ಯುವ ಅಭ್ಯಾಸವೂ ತಪ್ಪಿಹೋಗುತ್ತದೆ. ಹೊಸಬರು ಮೊದಲ ನಾಲ್ಕೈದು ಆಟ ಮಾಮೂಲಿ ದಾಳದಲ್ಲೇ ಆಡಿ, ಆಮೇಲೆ ಇದನ್ನು ಪ್ರಯತ್ನಿಸಿ.

ಕಂಪ್ಯೂಟರ್‌ನಲ್ಲಿ ಆಡುವವರಿಗೆ ಟ್ರಿಪಲ್‌ಎ ಎಂಬ ಉಚಿತ ತಂತ್ರಾಂಶ ಇದೆ. ಎರಡೂ ಸೇನೆಗಳನ್ನು ನಮೂದಿಸಿದರೆ ಅದೇ ಕದನವನ್ನು ತುಂಬಾ ಸಲ ತಾನೇ ಆಡಿ, ಗೆಲ್ಲುವ ಸಾಧ್ಯತೆ ಹೇಳುತ್ತದೆ. ಲೋ ಲಕ್ ಆಯ್ಕೆಯೂ ಅದರಲ್ಲಿದೆ. ಆದರೆ ಮೇಜಿನ ಸುತ್ತ ಕೂತು ಆಡುವಾಗ ಮೊಬೈಲ್ ಲೆಕ್ಕ ಬಳಸಬಹುದೇ ಅಂತ ಮೊದಲೇ ಎಲ್ಲರನ್ನೂ ಕೇಳಿ. ನಮ್ಮ ಮೇಜಿನಲ್ಲಿ ಬೇಡ ಅಂದಿದ್ದೇವೆ. ಹಾಳೆ, ಪೆನ್ನು ಓಕೆ.

ಹಂತ 10: ಆಟಕ್ಕೆ ಮುಂಚೆ ಒಂದು ಸಂಜೆ ಅಭ್ಯಾಸ

ನಕ್ಷೆ ಹಾಸುವುದೂ ಬೇಡ. ಒಬ್ಬರೇ ಕೂತು ಮೇಲಿನ ಕದನವನ್ನು ಹತ್ತು ಸಲ ಆಡಿ. ದಾಳಿಗೆ 3 ಕಾಲಾಳು, 1 ಫಿರಂಗಿ, 2 ಟ್ಯಾಂಕ್. ರಕ್ಷಣೆಗೆ 3 ಕಾಲಾಳು, 1 ಟ್ಯಾಂಕ್. ಪ್ರತಿ ಸಲ ಮೂರು ವಿಷಯ ಬರೆದಿಡಿ: ಮೊದಲ ಸುತ್ತಿನಲ್ಲಿ ಎಷ್ಟು ಏಟು ಬಿತ್ತು, ಯಾರು ಗೆದ್ದರು, ಗೆದ್ದವರ ಹತ್ತಿರ ಎಷ್ಟು ಐಪಿಸಿ ಬೆಲೆಯ ಸೇನೆ ಉಳಿಯಿತು. ಹಂತ 6ರಂತೆ ಎಲ್ಲಿ ವಾಪಸ್ ಬರಬೇಕಿತ್ತು ಅನ್ನಿಸಿತೋ ಅಲ್ಲಿ ಒಂದು ಗೆರೆ ಹಾಕಿ, ಆದರೂ ಕದನವನ್ನು ಕೊನೆಯವರೆಗೆ ಆಡಿ. ಗೆರೆಯ ಆಚೆ ಏನಾಯಿತು ಅಂತ ನೋಡಬೇಕಲ್ಲ.

ಒಟ್ಟು ಮುಕ್ಕಾಲು ಗಂಟೆಯ ಕೆಲಸ. ಹತ್ತು ಸಲದಲ್ಲಿ ಒಮ್ಮೆಯಾದರೂ ಮೊದಲ ಸುತ್ತಿನಲ್ಲಿ ನಿಮ್ಮ ಆರೂ ದಾಳ ಕೈಕೊಡುವ ಸಾಧ್ಯತೆ ನೂರಕ್ಕೆ 55. ಅದು ಬಂದು, ಎದುರಿನವರು 2 ಏಟು ಹೊಡೆದರೆ ಹಾಳೆಯಲ್ಲಿ 40, 36 ಅಂತ ಬರೆದುಕೊಳ್ಳಿ, ಆಮೇಲೆ ಮುಂದಿನ ದಾಳ ಹಾಕಿ.